ಲಂಕೆಯಲ್ಲಿ ಒಡೆದ ಗಡಿಗೆ

ಅಥಣಿಯ ಆ ಸಾಹಿತ್ಯ ಸಭೆಯಲ್ಲಿ ನಾನು ಕೂಗಾಡಿದೆ. ಕೂಗಾಡಬಾರದಿತ್ತು ಎಂದು ನನ್ನನ್ನು ಕರೆಸಿದವರು ಆಮೇಲೆ ಚಹಾ ಕುಡಿಸುತ್ತ ಬುದ್ಧಿ ಹೇಳಿದರು. ನನಗೆ ಅದರ ಬಗ್ಗೆ ಈಗಲೂ ಪಶ್ಚಾತ್ತಾಪವಿಲ್ಲ. ಇನ್ನಷ್ಟು ಕೂಗಬೇಕಿತ್ತು ಎಂದೇ ಅನಿಸುತ್ತದೆ.

ಕೆಲವು ವರ್ಷಗಳಿಂದ ನಾನೊಂದು ಕಾದಂಬರಿ ಬರೆಯುತ್ತಿದ್ದೆ. ಅದು ನಡೆಯುವುದು ಪುರಾಣದ ಬಂಗಾರದ ಲಂಕೆಯಲ್ಲಿ, ಊರು ಸುಟ್ಟ ಮರುದಿನದಿಂದ. ಬೆಂಕಿ ಹಚ್ಚಿದವನು ಹಚ್ಚಿ ಹಾರಿಹೋದ. ರಾಜನಿಗೆ ಯುದ್ಧದ ತಯಾರಿ. ಉಳಿದವರು ಬೆಳಗ್ಗೆ ಎದ್ದು ಏನು ಮಾಡಿದರು? ಬೂದಿ ಗುಡಿಸಿದವರು ಯಾರು? ಬಂಗಾರದ ಕೊಡ, ತಾಟು, ತಂಬಿಗೆ ಎಲ್ಲ ಕರಗಿ ಅಂಗಳದಲ್ಲಿ ಹರಿದು ಹೆಪ್ಪುಗಟ್ಟಿವೆ. ನೀರು ತರಲು ಒಂದು ಪಾತ್ರೆಯಿಲ್ಲ. ಊರ ಹೊರಗೆ ಒಬ್ಬ ಕುಂಬಾರಗಿತ್ತಿಯ ಅಂಗಳದಲ್ಲಿ ಮಾತ್ರ ಗಡಿಗೆಗಳು ಹಾಗೇ ನಿಂತಿವೆ. ಒಮ್ಮೆ ಬೆಂದ ಮಣ್ಣನ್ನು ಬೆಂಕಿ ಮತ್ತೇನು ಮಾಡೀತು? ಅರಮನೆಯವರು ಬಂದು ಗಡಿಗೆ ಕೇಳುತ್ತಾರೆ. ಅವಳು ಒಂದೊಂದನ್ನೇ ಎತ್ತಿ ಅವರ ಕಾಲ ಮುಂದೆ ಒಡೆಯುತ್ತಾಳೆ. ಇದು ಕೊನೆಯ ಅಧ್ಯಾಯ. ಅಥಣಿಯಲ್ಲಿ ನಾನು ಓದಿದ್ದು ಇದನ್ನೇ.

ಓದಿ ಮುಗಿಸಿದೊಡನೆ ಮುಂದಿನ ಸಾಲಿನಿಂದ ದ್ರಾಕ್ಷಿ ತೋಟದ ಯಜಮಾನರೊಬ್ಬರು ಎದ್ದರು. ಹೊಸ ಚಪ್ಪಲಿ ಕಿರ್ರೆಂದಿತು.

“ಸರ, ಒಂದ್ ಸಣ್ಣ ಪ್ರಶ್ನೆ ಐತ್ರಿ. ಊರೇ ಬಂಗಾರದ್ದು ಅಂದಮ್ಯಾಲ ಅಲ್ಲಿ ಮಣ್ಣಿನ ಗಡಗಿ ಯಾರ ಕೊಳ್ತಿದ್ರು ಹೇಳ್ರಿ?”

ಸಭೆ ನಕ್ಕಿತು. ನಗುವಿನ ಧೈರ್ಯದಲ್ಲಿ ಹಿಂದಿನಿಂದ ಇನ್ನೊಬ್ಬ ಮೊಬೈಲ್ ಎತ್ತಿ ಹಿಡಿದ. “ಉಪಗ್ರಹದಿಂದ ತಗದ ಲಂಕಾದ ಫೋಟೋ ಐತ್ರಿ ಸರ ನನ್ನ ಕಡೆ. ಇದರಾಗ ನಿಮ್ಮ ಕುಂಬಾರ ಓಣಿ ಎಲ್ಲಿ ಬರತೈತಿ, ಒಂದಿಷ್ಟ ಬೆರಳ ಇಟ್ಟ ತೋರಸ್ರಿ.”

ನನಗೆ ರೇಗಿತು. ಇದು ನಾನು ಕಟ್ಟಿದ ಕಥೆಯಲ್ಲ, ನನ್ನ ಅತ್ತೆ ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತ ಹೇಳಿದ್ದು, ಕಿವಿಯಾರೆ ಕೇಳಿದ್ದೇನೆ ಎಂದೆ.

“ಹಂಗಾರ ಅತ್ತೀನ್ನ ಕರಕೊಂಡ ಬರಬೇಕಾಗಿತ್ತಲ್ಲರಿ,” ಎಂದರು ಯಜಮಾನರು, ನನ್ನ ಹಿತಕ್ಕೇ ಹೇಳುವವರಂತೆ. “ಸಾಕ್ಷಿ ಬೇಕು ಅಂತ ನಮ್ಮ ಹುಡುಗರಿಗೆ ಕಲಸಾವ್ರು ನೀವ. ಇತಿಹಾಸದ ಮಾಸ್ತರು.”

ಆಗ ಕೂಗಿದೆ. ಒಂದು ಊರು ಸುಟ್ಟು ಬೂದಿಯಾಗಿದೆ, ನಿಮಗೆ ಗಡಿಗೆಯ ಗಿರಾಕಿಯದೇ ಚಿಂತೆ. ಆ ಫೋಟೋದಲ್ಲಿ ಬೂದಿ ಎಲ್ಲಿದೆ ಮೊದಲು ತೋರಿಸಿ ಎಂದೆ. ಇನ್ನೂ ಏನೇನೋ ಅಂದೆ. ಮೈಕು ಕೀಚಲು ದನಿ ಹೊರಡಿಸಿತು. ಯಾರೋ ಅದನ್ನು ಆರಿಸಿದರು. ಮೈಕಿಲ್ಲದೆಯೂ ಕೂಗಿದೆ.

ಚಿಕ್ಕೋಡಿಗೆ ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ಇನ್ನೊಂದು ಸಿಟ್ಟು ಶುರುವಾಯಿತು. ಇದು ನನ್ನ ಮೇಲೆಯೇ. ಯಜಮಾನರು ಹೇಳಿದ್ದರಲ್ಲಿ ತಪ್ಪೇನಿತ್ತು? ಧಾರವಾಡದಲ್ಲಿ ನನಗೆ ಕಲಿಸಿದ ಮೊದಲ ಪಾಠವೇ ಅದು: ಒಬ್ಬನೇ ಸಾಕ್ಷಿ ಇದ್ದರೆ ಸಾಕ್ಷಿಯೇ ಇಲ್ಲವೆಂದು ತಿಳಿ. ಪ್ರತಿ ವರ್ಷ ಅದನ್ನು ಹುಡುಗರ ತಲೆಗೆ ತುಂಬುತ್ತೇನೆ. ದೇವರು, ತಾಮ್ರಪಟ, ಪತ್ರಿಕೆ ಎಲ್ಲವನ್ನೂ ಅನುಮಾನಿಸಿದ ನಾನು, ಏಳೋ ಎಂಟೋ ವಯಸ್ಸಿನ ಒಬ್ಬ ಹುಡುಗ ಕೇಳಿದ್ದನ್ನು ಮಾತ್ರ ಕಣ್ಣು ಮುಚ್ಚಿ ನಂಬಿ ಒಂದು ಕಾದಂಬರಿಯನ್ನೇ ಅದರ ಮೇಲೆ ನಿಲ್ಲಿಸಿದ್ದೆ. ಆ ಹುಡುಗ ನಾನೇ ಎಂಬುದೊಂದೇ ಕಾರಣ.

ಕಥೆ ಹೇಳಿದ ಅತ್ತೆ ಇನ್ನೂ ಇದ್ದಾಳೆ. ನಿಪ್ಪಾಣಿ ಒಂದು ತಾಸಿನ ದಾರಿಯೂ ಅಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿ ಕೇಳಿರಲಿಲ್ಲ. ಯಾಕೆ ಎಂಬುದು ನನಗೆ ಗೊತ್ತಿತ್ತು. ಆ ಗಡಿಗೆಗಳ ಜೊತೆ ಇನ್ನೊಂದು ನೆನಪು ಅಂಟಿಕೊಂಡಿದೆ: ಕುಂಬಾರಗಿತ್ತಿ ಗಡಿಗೆ ಒಡೆದಾಗ ಅವ್ವ ಜೋರಾಗಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಅವ್ವ ಮಾತು ಕಡಿಮೆಯವಳು. ಬೀಡಿ ಕಟ್ಟಿದಳು, ಕೆಮ್ಮಿದಳು, ನಾನು ಧಾರವಾಡದಲ್ಲಿ ಪರೀಕ್ಷೆ ಬರೆಯುತ್ತಿದ್ದಾಗ ಸತ್ತಳು. ಅವಳು ನಕ್ಕದ್ದು ನನಗೆ ನೆನಪಿರುವುದು ಆ ಒಂದು ಮಧ್ಯಾಹ್ನ ಮಾತ್ರ. ಗಡಿಗೆ ಒಡೆಯದಿದ್ದರೆ ಆ ನಗುವೂ ಇಲ್ಲ.

ರವಿವಾರ ನಿಪ್ಪಾಣಿಗೆ ಹೊರಟೆ. ಬಾಗಿಲಲ್ಲಿ ಹೆಂಡತಿ ಕೇಳಿದಳು, “ಇವತ್ತ ಮಗಳ ಹಲ್ಲು ತೋರಿಸಾಕ ನೀವ ಕರಕೊಂಡ ಹೋಗ್ತೀನಿ ಅಂದಿದ್ರಿ?” ಅವಳು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ; ಅವಳ ಪ್ರಶ್ನೆಗಳಿಗೆ ಉತ್ತರ ಒಂದೇ ಇರುತ್ತದೆ. ಮುಂದಿನ ವಾರ ಎಂದೆ.

ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾಗಿ ಎರಡು ಮಳೆಗಾಲಕ್ಕೇ ಗಂಡನ ಮನೆ ಬಿಟ್ಟು ಬಂದವಳು; ಯಾಕೆಂದು ಯಾರೂ ನಮಗೆ ಹೇಳಲಿಲ್ಲ. ನಮ್ಮ ಗಲ್ಲಿಯಲ್ಲೇ ಒಂದು ಖೋಲಿ ಹಿಡಿದಳು, ಅವ್ವನ ಜೊತೆ ಬೀಡಿ ಕಟ್ಟಿದಳು. ಆ ಗಲ್ಲಿಯ ಹೆಂಗಸರೆಲ್ಲ ಮಧ್ಯಾಹ್ನ ಒಟ್ಟಿಗೆ ಕೂರುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ತೊಡೆಯ ಮೇಲೆ ಮೊರ, ಮೊರದಲ್ಲಿ ತಂಬಾಕು, ಬಾಯಲ್ಲಿ ಕನ್ನಡವೂ ಮರಾಠಿಯೂ. ತಂಬಾಕಿನ ಧೂಳು ದಿನವೂ ಒಂದೇ ಮನೆಯ ಹಿಟ್ಟು-ನೀರಿಗೆ ಬೀಳಬಾರದೆಂದು ಇವತ್ತು ಒಂದು ಮನೆಯ ಅಂಗಳ, ನಾಳೆ ಮತ್ತೊಂದು. ಅದಕ್ಕೆ ಪಾಳಿ ಎನ್ನುತ್ತಿದ್ದರು.

ಕಥೆ ಹೇಳುವವಳು ಅತ್ತೆ. ಹೇಳುವಾಗ ಅವಳ ಕೈ ನಿಧಾನವಾಗುತ್ತಿತ್ತು. ಅದಕ್ಕೆ ಉಳಿದವರು ತಾವು ಕಟ್ಟಿದ ಬೀಡಿಯಲ್ಲಿ ಒಂದಿಷ್ಟನ್ನು ಆಗಾಗ ಅವಳ ಮೊರಕ್ಕೆ ಎಸೆಯುತ್ತಿದ್ದರು. ಸಂಜೆ ಎಣಿಸಿದಾಗ ಅವಳದೂ ಬೇರೆಯವರಷ್ಟೇ ಆಗುತ್ತಿತ್ತು. ಯಾರೂ ಬಾಯಿಬಿಟ್ಟು ಮಾಡಿಕೊಂಡ ಕರಾರಲ್ಲ.

ಆ ಕಥೆಗಳೆಲ್ಲ ಲಂಕೆಯಲ್ಲಿ ನಡೆಯುತ್ತಿದ್ದವು. ದೊಡ್ಡವರ ಹೆಸರು ಎತ್ತುವಂತಿಲ್ಲ. “ಅವರ ಕಥಿ ಹೇಳಾಕ ಊರ ತುಂಬ ಮಂದಿ ಅದಾರ. ನಾವ ನಮ್ಮ ಮಂದೀದ ಹೇಳೂಣು,” ಎನ್ನುತ್ತಿದ್ದಳು. ಅತ್ತೆ ಸಮುದ್ರ ಕಂಡವಳಲ್ಲ. ಅವಳು ಹುಟ್ಟಿದ್ದು ರಾಯಬಾಗದ ಕಡೆ, ಹೊಳೆಯ ದಂಡೆಯ ಹಳ್ಳಿಯಲ್ಲಿ. ಹಾಗಾಗಿ ಅವಳ ಲಂಕೆಯ ಸುತ್ತಲಿನ ಸಮುದ್ರಕ್ಕೆ ಮಹಾಪೂರ ಬರುತ್ತಿತ್ತು, ಕೆಂಪು ನೀರು ಹರಿಯುತ್ತಿತ್ತು, ಬೇಸಿಗೆಯಲ್ಲಿ ಉಸುಕು ಕಾಣುತ್ತಿತ್ತು. ರಾಕ್ಷಸರು ಬಿಳಿಜೋಳದ ರೊಟ್ಟಿ ತಿನ್ನುತ್ತಿದ್ದರು. ರಾಕ್ಷಸಿಯರು ಸಂಜೆ ಅರಮನೆಯ ಕಾರಖಾನೆಗೆ ಬೀಡಿ ಕಟ್ಟು ಒಪ್ಪಿಸಲು ಹೋದರೆ ಅಲ್ಲೊಬ್ಬ ಮುಕಾದಮ ಬೆರಳಲ್ಲಿ ಹಿಸುಕಿ ಅರ್ಧಕ್ಕರ್ಧ ಕೆಟ್ಟವೆಂದು ಎತ್ತಿಟ್ಟುಕೊಳ್ಳುತ್ತಿದ್ದ. ಅವನು ಯಾರೆಂದು ಗಲ್ಲಿಗೆಲ್ಲ ಗೊತ್ತಿತ್ತು. ಕಥೆಯಲ್ಲಿ ಅವನ ಮೀಸೆ ಸುಟ್ಟ ದಿನ ಹೆಂಗಸರು ಅತ್ತೆಯ ಮೊರ ತುಂಬಿಸಿದರು.

ಇಷ್ಟು ನನಗೆ ನೆನಪಿತ್ತು. ನೆನಪಿದೆ ಎಂದುಕೊಂಡಿದ್ದೆ.

ಅತ್ತೆ ಈಗ ಬೀಡಿ ಕಟ್ಟುವುದಿಲ್ಲ, ಬೆರಳು ಮಡಚುವುದಿಲ್ಲ. ಅದೇ ಖೋಲಿ. ಟೀವಿಯಲ್ಲಿ ಮರಾಠಿ ಧಾರಾವಾಹಿ ನಡೆದಿತ್ತು. ನನ್ನನ್ನು ಕಂಡು ಅದರ ದನಿ ಮಾತ್ರ ಇಳಿಸಿದಳು.

“ಬಾರಲೇ ಸಾಹೇಬ. ದಾರಿ ತಪ್ಪಿ ಬಂದಿ ಏನ?”

“ನಿನ್ನ ಕಥಿ ಬರದೇನಿ ಅತ್ತಿ. ಕೇಳತಿಯಾ?”

“ಓದ. ಜಾಹೀರಾತ ಬಂದಾಗ ಓದ.”

ಜಾಹೀರಾತು ಬಂದಾಗಲೆಲ್ಲ ಓದಿದೆ. ಮೊದಮೊದಲು ಅವಳ ಕಣ್ಣು ಟೀವಿಯ ಮೇಲೆಯೇ ಇತ್ತು. ಕರಗಿದ ಬಂಗಾರ ಅಂಗಳದಲ್ಲಿ ಹೆಪ್ಪುಗಟ್ಟಿದ ಕಡೆ ಬಂದಾಗ ಅವಳೇ ಟೀವಿ ಆರಿಸಿದಳು. ನನಗೆ ಹೆಮ್ಮೆಯಾಯಿತು. ಅಥಣಿಯ ಯಜಮಾನರ ಪ್ರಶ್ನೆ ಹೇಳಿದೆ: ಬಂಗಾರದ ಊರಲ್ಲಿ ಮಣ್ಣಿನ ಗಡಿಗೆ ಯಾರು ಕೊಳ್ಳುತ್ತಿದ್ದರು?

“ಬಂಗಾರದ ಕೊಡದಾಗ ನೀರ ತಂಪ ಆಗತಾವೇನಂತ ಕೇಳ ಅಂವಗ,” ಎಂದಳು. “ಫ್ರಿಜ್ ಇದ್ದಾಂವ ಇರಬೇಕು, ಹಾಟ್ಯಾ.”

ಮನಸಾರೆ ನಕ್ಕೆ. ಕೊನೆಯ ಅಧ್ಯಾಯ ಓದಿದೆ. ಅರಮನೆಯವರು ಬಂದರು, ಕುಂಬಾರಗಿತ್ತಿ ಗಡಿಗೆ ಎತ್ತಿದಳು, ಒಡೆದಳು.

“ಒಡೀಲಿಲ್ಲೋ,” ಎಂದಳು ಅತ್ತೆ.

“ಏನು?”

“ಆಕಿ ಯಾಕ ಒಡೀತಾಳ? ತಾ ಮಾಡಿದ ಗಡಗಿ ತಾನ ಒಡಿಯಾಕ ಆಕೀಗೇನ ಹುಚ್ಚ ಹಿಡದಿತ್ತಾ? ಆಕಿ ಗಡಗೀ ಬಾಯಿ ಕೆಳಗ ಮಾಡಿ, ಬಿದಿರಿಗೆ ಬಿಗದ, ತೆಪ್ಪ ಕಟ್ಟಿದಳು. ಹೊಳಿ ದಾಟಿ ಹ್ವಾದಳು.”

“ಸಮುದ್ರ.”

“ಅದನ. ದಾಟಿ ಹ್ವಾದಳು.”

ನಾನು ವಾದ ಮಾಡಿದೆ. ಒಡೆದಳು ಎಂದೆ, ನಾನು ಕೇಳಿದ್ದೇನೆ ಎಂದೆ, ಒಡೆದಾಗ ಅವ್ವ ನಕ್ಕದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದೆ. ನಿನಗೆ ವಯಸ್ಸಾಗಿದೆ, ಧಾರಾವಾಹಿ ನೋಡಿ ನೋಡಿ ಎಲ್ಲ ಕಲಸಿಹೋಗಿದೆ ಎಂದೂ ಅಂದುಬಿಟ್ಟೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದಳು. ಸಣ್ಣವನಿದ್ದಾಗ ಕೆನ್ನೆಗೆ ಬಾರಿಸುವ ಮುಂಚೆ ಹೀಗೇ ನೋಡುತ್ತಿದ್ದಳು.

“ಪಾಳಿ ನೆನಪೈತಿ, ಪಾಳೀದ ಕಾಯದೆ ನೆನಪಿಲ್ಲೇನ? ಯಾರ ಅಂಗಳದಾಗ ಕುಂತೇವಿ, ಆ ಮನೀ ಹೆಣಮಗಳು ಹೇಳಿದ ಕಡೆ ಕಥಿ ಹೊಳ್ಳಬೇಕು. ನಾ ಕಥಿ ನಡುವ ತಂದ ನಿಂದರಸತಿದ್ದೆ. ‘ಇಲ್ಲಿಂದ ಎತ್ತಾಗ?’ ಅಂತಿದ್ದೆ. ಆಕಿ ಹೇಳಾಕಿ. ಉಳದಾರು ಹೂಂ ಅಂದ್ರ ಅದ ಖರೇ ಆತು. ಆವತ್ತ ನಿಮ್ಮ ಮನೀ ಪಾಳಿ ಇತ್ತು.”

ನಿಜ, ಹಾಗೊಂದು ಕಟ್ಟಳೆ ಇತ್ತು. ಅವಳು ಹೇಳಿದ ಮೇಲೆ ಅದು ಎಲ್ಲಿಂದಲೋ ಎದ್ದು ಬಂತು: ಕಥೆ ನಡುವೆ ನಿಲ್ಲುತ್ತಿತ್ತು, ಎಲ್ಲರೂ ಮನೆಯವಳ ಮುಖ ನೋಡುತ್ತಿದ್ದರು. ಗಂಡ ಬಡಿಯುವ ಮನೆಯಲ್ಲಿ ಅರಮನೆಯ ಗೋಡೆ ಕುಸಿಯುತ್ತಿತ್ತು. ಮಗಳ ಮದುವೆ ಕೂಡಿಬಾರದ ಮನೆಯಲ್ಲಿ ಸುಟ್ಟ ಲಂಕೆಯಲ್ಲೂ ಮದುವೆ ಹಂದರ ಏಳುತ್ತಿತ್ತು. ಒಂದು ಕಥೆ ಎಂಬುದೇ ಇರಲಿಲ್ಲ. ಮೂಲ ಕಥೆ ಹುಡುಕಿಕೊಂಡು ಬಂದ ಇತಿಹಾಸದ ಮಾಸ್ತರನಿಗೆ ಇದನ್ನು ಒಪ್ಪಿಕೊಳ್ಳುವುದೇ ಕಷ್ಟ.

“ಹಂಗಾರ ಅವ್ವ ಏನ ಹೇಳಿದಳು?” ಎಂದು ಕೇಳಿದೆ. ಕೇಳುವಾಗಲೇ ಕೇಳಬಾರದಿತ್ತು ಎನಿಸಿತು.

“ಆಕಿ ಹೋಗಲಿ ಅಂದಳು. ತೆಪ್ಪ ಕಟ್ಟಲಿ, ಹೋಗಲಿ. ‘ಆಕೀಗೊಂದ ಕೂಸ ಐತೆಲ್ಲ, ಅದನ್ನೇನ ಮಾಡೂನು?’ ಅಂತ ನಾ ಕೇಳಿದೆ.” ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. “‘ತೆಪ್ಪಕ್ಕ ಭಾರ ಆಗತೈತಿ, ದಂಡೀ ಮ್ಯಾಲ ಇರಲಿ’ ಅಂದಳು.”

ನಾನು ಹಾಳೆಗಳನ್ನು ತೊಡೆಯ ಮೇಲಿಟ್ಟೆ.

“ನೀ ಅಲ್ಲೇ ಕುಂತಿದ್ದಿ. ಎದ್ದವನ ಗುಂಡಕಲ್ಲ ತಗೊಂಡಿ. ಬಾಗಲದಾಗ ನೀರ ತುಂಬಿಟ್ಟ ಗಡಗಿ ಇದ್ದು ನೋಡ, ಅವನ್ನೆಲ್ಲಾ ಒಡದಿ. ತೆಪ್ಪ ಕಟ್ಟಾಕ ಗಡಗಿ ಇರಬಾರದಂತ! ನೀರ ಹರದ ಎಲ್ಲಾರ ತಂಬಾಕ ತೋಯ್ತು. ನಿಮ್ಮವ್ವ ನಕ್ಕದ್ದ ಆಗ. ನೀರಾಗ ಕುಂತ ನಕ್ಕಳು.”

ಹೊರಗೆ ಹೆದ್ದಾರಿಯ ಲಾರಿಗಳ ಸದ್ದು ಕೇಳುತ್ತಿತ್ತು. ನನ್ನ ಕಾದಂಬರಿಯ ಹಾಳೆಗಳು ತೊಡೆಯ ಮೇಲಿದ್ದವು. ಅವ್ವನ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ಸತ್ತವಳ ಮೇಲೆ ಸಿಟ್ಟಾಗುವುದೆಂದರೆ ಗೋಡೆ ಗುದ್ದಿದಂತೆ, ಆದರೂ ಗುದ್ದಬೇಕು ಅನಿಸುತ್ತದೆ. ಅವಳ ನಗುವನ್ನು ನಾನು ಬಂಡಾಯವೆಂದು ಬಗೆದು ಇಷ್ಟು ಕಾಲ ಕಾಪಾಡಿಕೊಂಡು ಬಂದಿದ್ದೆ. ಅರಮನೆಯವರ ಮುಂದೆ ಸೆಟೆದು ನಿಂತ ಹೆಣ್ಣಿಗೆ ನನ್ನ ಅವ್ವ ನಕ್ಕಳು ಎಂದು. ಈಗ ನೋಡಿದರೆ ಅವಳಿಗೆ ಬೇಕಾಗಿದ್ದದ್ದು ನನ್ನನ್ನು ದಂಡೆಯ ಮೇಲೆ ಬಿಟ್ಟು ಹೋಗುವುದು.

ಆಗ ನನ್ನೊಳಗಿನ ಮಾಸ್ತರ ಎಚ್ಚೆತ್ತ.

“ಇವತ್ತ ಕುಂತಿದ್ದ ಯಾರ ಮನ್ಯಾಗ ಅತ್ತಿ?” ಎಂದೆ. “ನಿನ್ನ ಮನ್ಯಾಗ. ನಿನ್ನ ಪಾಳಿ. ನಿನಗ ಬೇಕಾದ ಕಡೆ ಕಥಿ ಹೊಳ್ಳಸಾಕತ್ತಿ. ಗಂಡನ ಮನಿ ಬಿಟ್ಟ ಬಂದಾಕಿ ನೀ. ಹೋಗಲಿ ಅಂದಾಕಿ ನಮ್ಮವ್ವ ಅಲ್ಲ, ನೀನ ಇರಬೇಕು.”

ಅವಳು ಎದ್ದು ನಿಂತಳು. ಗೋಡೆ ಹಿಡಿದುಕೊಂಡೇ ನಿಂತಳು, ಆದರೆ ನಿಂತಳು.

“ಎದ್ದ ನಡಿ ಮೊದಲ. ಕಥಿ ಸುಳ್ಳಂತ ಹೇಳಾಕ ನಿಪ್ಪಾಣಿಗೆ ಬರಬೇಕಾಗಿತ್ತೇನ? ಕಥಿ ಸುಳ್ಳ ಇರತೈತಿ, ಭಾಡ್ಯಾ. ಗಡಗಿ ಖರೇ. ಕಾಗವಾಡದಾಗ ಮಾವಶಿ ಅದಾಳ, ಹೋಗಿ ಕೇಳ. ಒಡದ ಗಡಗಿ ಆಕೀದು.”

ಮಾವಶಿ ನಮ್ಮ ಹಳೆಯ ನೆರೆಯವಳು, ಅವ್ವನ ಗೆಳತಿ. ಈಗ ಕಾಗವಾಡದಲ್ಲಿ ಮಗಳ ಮನೆಯಲ್ಲಿದ್ದಾಳೆ, ಎಮ್ಮೆ ನೋಡಿಕೊಳ್ಳುತ್ತಾಳೆ. ಮುಂದಿನ ರವಿವಾರ ಅಲ್ಲಿಗೆ ಹೊರಟೆ. ಮಗಳು ಗಲ್ಲ ಹಿಡಿದುಕೊಂಡು ಕೂತಿದ್ದಳು. ಹೆಂಡತಿ ಈ ಸಲ ಏನೂ ಕೇಳಲಿಲ್ಲ. ಮಗಳ ಚಪ್ಪಲಿ ಹುಡುಕುತ್ತಿದ್ದಳು.

ರಾಯಬಾಗ, ಕುಡಚಿ ದಾಟಿ ಹೊಳೆಯ ಸೇತುವೆಯ ಮೇಲೆ ಬಸ್ಸು ನಿಂತಿತು. ಮುಂದೆ ಕಬ್ಬಿನ ಟ್ರ್ಯಾಕ್ಟರಿನ ಗಾಲಿ ಕಳಚಿತ್ತು. ಕೆಳಗೆ ನೀರು ಅಗಲವಾಗಿ, ಸೋಮಾರಿಯಂತೆ ಬಿದ್ದಿತ್ತು. ಅತ್ತೆ ಹುಡುಗಿಯಾಗಿದ್ದಾಗ ಕೊಡವನ್ನು ಬೋರಲು ಮಾಡಿ ಹೊಟ್ಟೆಗೆ ಆನಿಸಿಕೊಂಡು ಈ ಹೊಳೆ ದಾಟುತ್ತಿದ್ದಳಂತೆ. ಹಾಗಾದರೆ ತೆಪ್ಪ ಅತ್ತೆಯದು. ಅವ್ವನಿಗೆ ಈಜು ಬರುತ್ತಿರಲಿಲ್ಲ. ಈಜು ಬರದವಳು ತೆಪ್ಪದ ಮಾತಾಡುತ್ತಾಳೆಯೆ? ಈಜು ಬರದವಳಲ್ಲವೇ ತೆಪ್ಪ ಕೇಳಬೇಕಾದವಳು? ಎರಡೂ ಕಡೆ ವಾದ ಮಾಡಿ ಎರಡೂ ಕಡೆ ಸೋತೆ. ಟ್ರ್ಯಾಕ್ಟರಿನವನನ್ನು ಬೈಯುವವರ ಜೊತೆ ಸೇರಿ ನಾನೂ ಒಂದಿಷ್ಟು ಬೈದೆ.

ಮಾವಶಿ ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗಿ ಆಗಷ್ಟೇ ಬಂದಿದ್ದಳು. ಹಣೆ ತುಂಬ ಭಂಡಾರ, ಕಿವಿಯ ಸಂದಿಯಲ್ಲೂ ಅರಿಷಿಣ. ನನ್ನ ಗುರುತು ಹಿಡಿಯಲು ತುಸು ಹೊತ್ತು ಬೇಕಾಯಿತು.

“ಕಾಯ್ ರೇ, ಗಡಗೀ ಒಡದಾಂವಾ!” ಎಂದು ಎರಡೂ ಕೈ ಎತ್ತಿದಳು. ನಾನು ಇನ್ನೂ ಏನೂ ಕೇಳಿರಲಿಲ್ಲ.

ಅಲ್ಲಿಗೆ ಅದು ತೀರಿತು. ಎರಡನೆಯ ಸಾಕ್ಷಿ. ಒಡೆದದ್ದು ನಾನು.

“ಕೊಕಟನೂರ ಎಲ್ಲಮ್ಮನ ಜಾತ್ರ್ಯಾಗಿಂದ ತಂದ ಗಡಗಿ ಅವು. ನಿಮ್ಮ ಮನ್ಯಾಗ ನೀರ ಸಾಲೂದಿಲ್ಲಂತ ಪಾಳಿ ದಿನ ನಾ ತಂದ ಇಡತಿದ್ದೆ. ಒಂದೂ ಬಿಡಲಿಲ್ಲ ನೋಡ ನೀ, ಎಮ್ಮಿ ಕರಾ ಹಂಗ ಜಿಗದಿ.” ಅವಳಿಗೆ ಈಗಲೂ ನಗು. ಎಮ್ಮೆ ಅವಳ ನಗುವಿಗೆ ಕಿವಿ ಅಲ್ಲಾಡಿಸಿತು.

“ಮಾವಶಿ, ಆವತ್ತ ಕುಂಬಾರಗಿತ್ತಿ ಹೋಗಲಿ ಅಂತ ಯಾರ ಹೇಳಿದ್ರು?”

“ನಿಮ್ಮ ಮನೀ ಪಾಳಿ ಅಂದಮ್ಯಾಲ ನಿಮ್ಮವ್ವನ ಹೇಳಿರಬೇಕು.”

“ಇರಬೇಕು ಅಲ್ಲ. ಯಾರ ಹೇಳಿದ್ರು? ಅತ್ತಿ ಹೇಳಿದಳೋ, ಅವ್ವ ಹೇಳಿದಳೋ? ಕೂಸನ್ನ ಬಿಟ್ಟ ಹೋಗಲಿ ಅಂತ ಯಾರ ಬಾಯಾಗಿಂದ ಬಂತು?” ಕೋರ್ಟಿನಲ್ಲಿ ನಿಂತವನಂತೆ ಕೇಳುತ್ತಿದ್ದೆ ಎಂದು ನನಗೇ ಗೊತ್ತಾಗುತ್ತಿತ್ತು.

ಮಾವಶಿಯ ನಗು ನಿಂತಿತು. ಮೇವಿನ ಸಿವುಡು ಬಿಚ್ಚಿ ಎಮ್ಮೆಯ ಮುಂದೆ ಉದುರಿಸಿದಳು.

“ಯಾರ ಬಾಯಾಗಿಂದ ಬಂದ್ರ ಏನಪಾ? ಹೂಂ ಅಂದಾರ ಯಾರು, ಅದನ್ನ ಕೇಳ. ನಾ ಅಂದೆ. ನನಗ ಆಗ ಮೂರ ಮಕ್ಕಳು, ಸಣ್ಣದು ಮೊಲಿ ಕುಡೀತಿತ್ತು. ಮೂಲೀ ಮನಿ ಆಕಿ ಅಂದಳು, ಆಕಿ ಬಸರಿ. ಎಲ್ಲಾರೂ ಅಂದ್ವಿ. ಒಬ್ಬಾಕೀನೂ ‘ಥೂ, ಕೂಸನ್ನ ಹೆಂಗ ಬಿಡತಾಳ’ ಅನಲಿಲ್ಲ. ಹೂಂ ಅಂದ್ವಿ, ನಿಮ್ಮ ಅತ್ತಿ ಮೊರಕ್ಕ ಬೀಡಿ ಒಗದ್ವಿ. ಆಮ್ಯಾಲ ಎದ್ದ ಹೋಗಿ ರೊಟ್ಟಿ ಬಡದ್ವಿ.”

“ಒಬ್ಬಾಕಿಗೂ ಬಿಟ್ಟ ಹೋಗೂದ ತಪ್ಪ ಅನಸಲಿಲ್ಲ?”

“ಹೋದ್ವಿ ಏನ್ ನಾವ? ಎಲ್ಲಿ ಹೋದ್ವಿ? ಇಲ್ಲೇ ಅದೇನಲ್ಲ, ಸಗಣಿ ಬಳಕೋಂತ.” ಈಗ ಸಿಟ್ಟು ಅವಳ ದನಿಯಲ್ಲಿತ್ತು. “ಲಂಕಾದಾಗ ಒಬ್ಬಾಕಿ ಹೋದಳು. ಅದಕ್ಕೂ ನೀ ಬಂದ ಗಡಗಿ ಒಡದಿ.”

ಚಹಾ ಕೊಟ್ಟಳು, ಕುಡಿದೆ. ಎಮ್ಮೆಯ ಹಾಲಿನ ಗಟ್ಟಿ ಚಹಾ. ಹೊರಡುವಾಗ ನನ್ನ ಹಣೆಗೂ ಭಂಡಾರ ಹಚ್ಚಿದಳು, ಬೇಡವೆನ್ನಲು ಬಿಡಲಿಲ್ಲ.

ಮನೆಗೆ ಬಂದಾಗ ಸಂಜೆ. ಮಗಳು ಒಂದು ಗಲ್ಲ ಊದಿಸಿಕೊಂಡು ಮಲಗಿದ್ದಳು. ಹೆಂಡತಿ ಊಟದ ಮೇಜಿನ ಮೇಲೆ ಪರೀಕ್ಷೆಯ ಹಾಳೆ ತಿದ್ದುತ್ತಿದ್ದಳು. ನಾನು ಎದುರಿಗೆ ಕೂತು ನಿಪ್ಪಾಣಿಯದನ್ನೂ ಕಾಗವಾಡದ್ದನ್ನೂ ಹೇಳಿದೆ. ದನಿ ಏರುತ್ತಿತ್ತು. ಮಗಳು ಮಲಗಿದ್ದಾಳೆಂದು ಅವಳು ಕಣ್ಣಿನಲ್ಲೇ ಇಳಿಸಿದಳು. ಪುಸ್ತಕದ ಕೊನೆ ಬಿದ್ದುಹೋಯಿತು ಎಂದೆ. ಕುಂಬಾರಗಿತ್ತಿ ಒಡೆಯಲಿಲ್ಲವಾದರೆ ಏನು ಮಾಡಬೇಕು? ಕೂಸನ್ನು ದಂಡೆಯ ಮೇಲೆ ಬಿಟ್ಟು ಹೋದಳೆಂದು ಬರೆಯಲು ನನ್ನ ಕೈ ಬರುವುದಿಲ್ಲ. ಒಡೆದಳೆಂದು ಬರೆದರೆ ಇನ್ನು ಅದು ಸುಳ್ಳು.

“ಇದು ನಮ್ಮ ಮನಿ,” ಎಂದೆ. “ಪಾಳಿ ನಿಂದು. ನೀ ಹೇಳು, ಇಲ್ಲಿಂದ ಎತ್ತಾಗ?”

“ಹೋಗಲಿ ಬಿಡ್ರಿ ಆಕಿ,” ಎಂದಳು. ತಲೆ ಎತ್ತಲಿಲ್ಲ. ಯೋಚನೆಯನ್ನೂ ಮಾಡಲಿಲ್ಲ.

“ಕೂಸು?”

ಕೆಂಪು ಪೆನ್ನು ನಿಂತಿತು. “ಯಾಕ್ರಿ? ಆ ಕೂಸಿಗೆ ಅಪ್ಪ ಅನ್ನಾಂವ ಇದ್ದಿಲ್ಲೇನ್ರಿ ನಿಮ್ಮ ಲಂಕಾದಾಗ?”

ಅಥಣಿಯಲ್ಲಿ ಎದ್ದಂತೆಯೇ ಸಿಟ್ಟು ಎದ್ದಿತು, ಬಾಯಿ ತೆರೆದೆ. ಅವಳು ಮತ್ತೆ ಹಾಳೆ ತಿದ್ದತೊಡಗಿದ್ದಳು.

ಇರಲಿಲ್ಲ. ಇಡೀ ಕಾದಂಬರಿಯಲ್ಲಿ ಕುಂಬಾರ ಎಲ್ಲೂ ಇರಲಿಲ್ಲ. ಅತ್ತೆಯ ಕಥೆಯಲ್ಲಿ ಇದ್ದನೋ ಇಲ್ಲವೋ, ಅದೂ ನೆನಪಿಲ್ಲ. ಮಣ್ಣು ತುಳಿದವನು, ತಿಗರಿ ತಿರುಗಿಸಿದವನು, ಆ ಕೂಸಿನ ತಂದೆ. ಬರೆಯುವಾಗ ನನಗೆ ಅವನ ಕೊರತೆ ಕಂಡಿರಲೇ ಇಲ್ಲ. ಓದಿ ಕೇಳಿಸಿದಾಗ ಅಥಣಿಯಲ್ಲಿ ಒಬ್ಬನೂ ಅವನೆಲ್ಲಿ ಎಂದು ಕೇಳಲಿಲ್ಲ. ಗಡಿಗೆ ಯಾರು ಕೊಳ್ಳುತ್ತಿದ್ದರು ಎಂದು ಕೇಳಿದರು.

ಮತ್ತೆ ಅಪ್ಪ? ಆ ಮಧ್ಯಾಹ್ನಗಳಲ್ಲಿ ನನ್ನ ಅಪ್ಪ ಎಲ್ಲಿದ್ದ? ಗಲ್ಲಿಯ ಪ್ರತಿ ಹೆಂಗಸಿನ ಮೊರ ನನಗೆ ಕಾಣುತ್ತದೆ, ಯಾರದು ಹರಿದಿತ್ತು, ಯಾರದಕ್ಕೆ ಬಟ್ಟೆಯ ತೇಪೆ ಇತ್ತು ಎಲ್ಲ. ಅಪ್ಪನದು ಎಂದರೆ ಗೂಟಕ್ಕೆ ತೂಗಿದ ಒಂದು ಅಂಗಿ ಕಾಣುತ್ತದೆ. ಅವನು ಊರಲ್ಲೇ ಇದ್ದ, ತಂಬಾಕಿನ ವಖಾರಿಗೆ ಹೋಗುತ್ತಿದ್ದ, ಊಟಕ್ಕೆ ಬರುತ್ತಿದ್ದ. ಅವ್ವ ದಂಡೆಯ ಮೇಲೆ ನನ್ನನ್ನು ಯಾರ ಬಳಿ ಬಿಡಬೇಕಿತ್ತು? ಆ ಅಂಗಿಯ ಬಳಿಯೆ? ಕಲ್ಲು ಎತ್ತಿದ ಹುಡುಗ ಅವ್ವನ ದಾರಿಯನ್ನೇ ಕಟ್ಟಿದ. ಗೂಟದ ಕಡೆ ಒಂದು ಕಲ್ಲೂ ಎಸೆಯಲಿಲ್ಲ. ಇಷ್ಟು ವರ್ಷ ನಾನು ಎಲ್ಲರ ಮೇಲೂ ಸಿಟ್ಟಾಗಿದ್ದೇನೆ, ಉಪಗ್ರಹದ ಮೇಲೆ ಕೂಡ. ಅವನ ಮೇಲೆ ಒಮ್ಮೆಯೂ ಆಗಿಲ್ಲ. ಈಗ ಆಗಿದೆ.

ಮೇಜಿನ ಇನ್ನೊಂದು ತುದಿಯಲ್ಲಿ ಜಾಗ ಮಾಡಿಕೊಂಡು ಕೊನೆಯ ಅಧ್ಯಾಯವನ್ನು ಹೊಡೆದುಹಾಕಿದೆ. ಕುಂಬಾರನನ್ನು ಎಲ್ಲಿದ್ದನೋ ಅಲ್ಲಿಂದ ಎಬ್ಬಿಸಿ ದಂಡೆಗೆ ತಂದು ನಿಲ್ಲಿಸಿದೆ. ಅವನು ಏನೇನೋ ನೆಪ ಹೇಳಿದ: ಗಡಿಗೆ ಸುಡುವ ಆವಿಗೆ ಆರುತ್ತದೆ, ಮುಂದಿನ ವಾರ ಬರುತ್ತೇನೆ ಎಂದ. ನಾನು ಕೇಳಲಿಲ್ಲ. ಕೂಸನ್ನು ಅವನ ಕೈಗೆ ಕೊಟ್ಟೆ. ಅವನಿಗೆ ಎತ್ತಿಕೊಳ್ಳಲು ಬರಲಿಲ್ಲ, ಹಸಿ ಗಡಿಗೆ ಹಿಡಿದಂತೆ ಹಿಡಿದ. ಕೂಸಿನ ಮುಷ್ಟಿಯಲ್ಲಿ ಇನ್ನೂ ಕಲ್ಲಿತ್ತು. ತೆಪ್ಪ ಆಗಲೇ ನೀರಿನಲ್ಲಿತ್ತು.

ಒಳಗೆ ಮಗಳು ಹಲ್ಲುನೋವಿನಿಂದ ನರಳಿದಳು. ಹೆಂಡತಿ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದಳು, ಏಳಲಿಲ್ಲ. ನಾನು ಎದ್ದೆ.